ಎಪ್ಪತ್ತೈದು ವ್ಯಾಟಿನ ಎಲ್ಲೆಯೊಳಗೆ: ಗಡಿ ತಾಲ್ಲೂಕುಗಳ ಹಳೆಯ ಗಣಕಯಂತ್ರ ಮತ್ತು ಅಗ್ಗದ ಗ್ರಾಫಿಕ್ಸ್ ಕಾರ್ಡು

ಕಬ್ಬಿನ ಬಿಲ್ಲು ಕೈಸೇರಿದ ವರ್ಷದಲ್ಲಿಯೇ ಹೊಸ ಯಂತ್ರದ ಮಾತೆತ್ತುವ ಮನೆಗಳು ಬಹಳವಾಗಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ, ವಿದ್ಯಾರ್ಥಿಯ ಮೇಜಿನ ಮೇಲಿರುವ ಗಣಕಯಂತ್ರವು ಅನೇಕ ವೇಳೆ ಯಾವುದೋ ಕಚೇರಿಯಲ್ಲಿ ತನ್ನ ಮೊದಲ ಆಯುಷ್ಯವನ್ನು ಕಳೆದು, ಸೆಕೆಂಡ್ ಹ್ಯಾಂಡ್ ಅಂಗಡಿಯ ಮೂಲಕ ಊರಿಗೆ ಬಂದ ಡೆಲ್ ಅಥವಾ ಎಚ್‌ಪಿ ಪೆಟ್ಟಿಗೆಯಾಗಿರುತ್ತದೆ. ಇಂಟೆಲ್ ಸಂಸ್ಥೆಯ ಎರಡರಿಂದ ನಾಲ್ಕನೆಯ ಪೀಳಿಗೆಯ, ಎಂದರೆ 2011ರಿಂದ 2013ರವರೆಗಿನ ಕಾಲದ ಪ್ರೊಸೆಸರನ್ನು ಹೊಂದಿದ ಇಂತಹ ಯಂತ್ರವು ಪಾಠಕ್ಕೂ ಲೆಕ್ಕಪತ್ರಕ್ಕೂ ಇಂದಿಗೂ ಸಮರ್ಥವಾಗಿದ್ದರೂ ಆಟದ ವಿಷಯದಲ್ಲಿ ಸೋಲುತ್ತದೆ. ಮಿತವ್ಯಯದಲ್ಲಿ ಇದಕ್ಕೆ ನವಚೈತನ್ಯವನ್ನು ನೀಡಬಲ್ಲ ಗ್ರಾಫಿಕ್ಸ್ ಕಾರ್ಡು ಯಾವುದೆಂದು ಕೇಳುವವರು ಮೊದಲು ಪರಿಶೀಲಿಸಬೇಕಾದದ್ದು ಪೆಟ್ಟಿಗೆಯೊಳಗೆ ವಿದ್ಯುತ್ತನ್ನು ಒದಗಿಸುವ ಎಸ್‌ಎಂಪಿಎಸ್ ಎಂಬುದನ್ನು ಈ ಕ್ಷೇತ್ರದ ಇತಿಹಾಸವೇ ನಿರೂಪಿಸುತ್ತದೆಯಾದ್ದರಿಂದ, ಅದನ್ನು ಸಾವಧಾನವಾಗಿ ಅವಲೋಕಿಸುವುದು ಉಚಿತವಾಗಿದೆ.

1996ರಲ್ಲಿ ತ್ರೀಡಿಎಫ್ಎಕ್ಸ್ ಸಂಸ್ಥೆಯ ವೂಡೂ ಕಾರ್ಡು ಮನೆಯ ಗಣಕಕ್ಕೆ ಮೂರು ಆಯಾಮಗಳ ಚಿತ್ರವನ್ನು ತಂದುಕೊಟ್ಟಿತು; 1999ರಲ್ಲಿ ಎನ್ವಿಡಿಯಾ ಸಂಸ್ಥೆಯು ಜೀಫೋರ್ಸ್ 256ನ್ನು ಜಗತ್ತಿನ ಮೊದಲ ಜಿಪಿಯು ಎಂದು ಸಾರಿತು. ಅಲ್ಲಿಯವರೆಗೆ ಬಳಕೆಯಲ್ಲಿದ್ದ ಏಜಿಪಿ ಸ್ಲಾಟಿನ ಸ್ಥಾನಕ್ಕೆ 2004ರ ಸುಮಾರಿಗೆ ಪಿಸಿಐ ಎಕ್ಸ್‌ಪ್ರೆಸ್ ಬಂದುದು ನಮ್ಮ ವಿಷಯಕ್ಕೆ ಅತ್ಯಂತ ಮಹತ್ತ್ವದ ಘಟನೆ. ಏಕೆಂದರೆ ಆ ಸ್ಲಾಟಿನಿಂದಲೇ ಕಾರ್ಡು 75 ವ್ಯಾಟಿನವರೆಗೆ ವಿದ್ಯುತ್ತನ್ನು ಪಡೆಯಬಹುದೆಂದೂ, ಅದಕ್ಕಿಂತ ಹೆಚ್ಚು ಬೇಕಾದರೆ ಎಸ್‌ಎಂಪಿಎಸ್‌ನಿಂದ ಆರು ಪಿನ್ನಿನ ತಂತಿಯಲ್ಲಿ ಮತ್ತೆ 75, ಎಂಟು ಪಿನ್ನಿನದರಲ್ಲಿ 150 ವ್ಯಾಟ್ ಪಡೆಯಬೇಕೆಂದೂ ನಿಯಮವು ಕ್ರಮೇಣ ಸ್ಥಿರವಾಯಿತು. ಕಚೇರಿಯ ಪೆಟ್ಟಿಗೆಗಳಿಗೆ ಕೊಟ್ಟ ಎಸ್‌ಎಂಪಿಎಸ್ ಸಾಮಾನ್ಯವಾಗಿ 240ರಿಂದ 300 ವ್ಯಾಟಿನದಾಗಿದ್ದು, ಅದರಲ್ಲಿ ಈ ಹೆಚ್ಚಿನ ತಂತಿಗಳೇ ಇರದಿರುವುದರಿಂದ, ಹಳೆಯ ಗಣಕದ ಒಡೆಯನಿಗೆ 75 ವ್ಯಾಟೆಂಬುದೇ ಲಕ್ಷ್ಮಣರೇಖೆಯಾಗಿ ಪರಿಣಮಿಸಿತು.

ಈ ರೇಖೆಯೊಳಗೆ ನಡೆದ ಪ್ರಗತಿಯು ನಿಜವಾಗಿಯೂ ಪ್ರಶಂಸನೀಯವಾದುದು. 2014ರ ಫೆಬ್ರುವರಿಯಲ್ಲಿ ಬಂದ ಎನ್ವಿಡಿಯಾದ ಜಿಟಿಎಕ್ಸ್ 750 ಟಿಐ, ಕೇವಲ 60 ವ್ಯಾಟಿನಲ್ಲಿ, ಯಾವ ಹೆಚ್ಚಿನ ತಂತಿಯ ಹಂಗೂ ಇಲ್ಲದೆ, ಅಂದಿನ ದೊಡ್ಡ ಆಟಗಳನ್ನು ಆಡಿಸಿ ತೋರಿಸಿತು. 2016ರ ಅಕ್ಟೋಬರಿನಲ್ಲಿ 4 ಜಿಬಿ ಸ್ಮೃತಿಯ ಜಿಟಿಎಕ್ಸ್ 1050 ಟಿಐ, 2019ರ ಏಪ್ರಿಲಿನಲ್ಲಿ ಜಿಟಿಎಕ್ಸ್ 1650, 2024ರ ಫೆಬ್ರುವರಿಯಲ್ಲಿ 70 ವ್ಯಾಟಿನ 6 ಜಿಬಿ ಆರ್‌ಟಿಎಕ್ಸ್ 3050 ಒಂದರ ಹಿಂದೊಂದರಂತೆ ಬಂದವು. ಕಾರ್ಡಿನ ಸ್ಮೃತಿಯಿಂದ ಪ್ರತಿ ಸೆಕೆಂಡಿಗೆ ಹರಿಯಬಲ್ಲ ದತ್ತಾಂಶದ ಪ್ರಮಾಣವು ಈ ನಾಲ್ಕರಲ್ಲಿ ಕ್ರಮವಾಗಿ ಸುಮಾರು 86, 112, 128, 168 ಜಿಬಿಗಳಷ್ಟಿದ್ದು, ಬಹುಮಟ್ಟಿಗೆ ಅದೇ ವಿದ್ಯುತ್ತಿನಲ್ಲಿ ಹತ್ತು ವರ್ಷಗಳೊಳಗೆ ದುಪ್ಪಟ್ಟಿನ ಹತ್ತಿರಕ್ಕೆ ಏರಿತೆಂಬುದನ್ನು ನೆನೆದರೆ, ಅಭಿಯಂತರರ ಪರಿಶ್ರಮದ ಬೆಲೆ ಮನದಟ್ಟಾದೀತು.

ಪ್ರತಿಸ್ಪರ್ಧಿಗಳು ಇದೇ ಮಾರ್ಗವನ್ನು ಹಿಡಿದರೂ ಅವರ ಫಲಗಳು ಹಳೆಯ ಯಂತ್ರಕ್ಕೆ ಅಷ್ಟಾಗಿ ಒಗ್ಗಲಿಲ್ಲ. ಎಎಂಡಿ ಸಂಸ್ಥೆಯು 2022ರಲ್ಲಿ ತಂದ ಆರ್‌ಎಕ್ಸ್ 6400, 53 ವ್ಯಾಟಿನ ಮಿತಾಹಾರಿಯಾದರೂ, ಕೇವಲ ನಾಲ್ಕು ದತ್ತಾಂಶ ಲೇನುಗಳಲ್ಲಿ ಮದರ್‌ಬೋರ್ಡಿನೊಡನೆ ವ್ಯವಹರಿಸುವುದರಿಂದ, ಹಳೆಯ ಪಿಸಿಐ ಎಕ್ಸ್‌ಪ್ರೆಸ್ ಪೀಳಿಗೆಯ ಬೋರ್ಡಿನಲ್ಲಿ ಆಟವು ಅದರ 4 ಜಿಬಿ ಸ್ಮೃತಿಯನ್ನು ಮೀರಿದೊಡನೆ ಕುಂಟುತ್ತದೆ. ಆಟವನ್ನು ಚಿತ್ರೀಕರಿಸಲು ಬೇಕಾದ ಎನ್‌ಕೋಡರೂ ಅದರಲ್ಲಿಲ್ಲ. ಇಂಟೆಲ್‌ನ ಆರ್ಕ್ ಎ380, 6 ಜಿಬಿ ಸ್ಮೃತಿಯಿಂದ ಆಕರ್ಷಕವಾಗಿ ಕಂಡರೂ, ರೀಸೈಜಬಲ್ ಬಾರ್ ಎಂಬ ಸೌಕರ್ಯವಿಲ್ಲದ ಯಂತ್ರದಲ್ಲಿ ತನ್ನ ಶಕ್ತಿಯ ಗಣನೀಯ ಭಾಗವನ್ನು ಕಳೆದುಕೊಳ್ಳುತ್ತದೆ. 2013ರ ಬೋರ್ಡಿನಲ್ಲಿ ಆ ಸೌಕರ್ಯವನ್ನು ನಿರೀಕ್ಷಿಸುವುದು ಸಲ್ಲದು.

ಇದರ ನಡುವೆ ಮಾರುಕಟ್ಟೆಯು ಎರಡು ಬಾರಿ ಕ್ಷೋಭೆಗೊಳಗಾಯಿತು. 2017–18ರಲ್ಲಿಯೂ, 2020ರಿಂದ 2022ರವರೆಗೂ ಕ್ರಿಪ್ಟೋ ನಾಣ್ಯಗಳ ಗಣಿಗಾರರು ಕಾರ್ಡುಗಳನ್ನು ರಾಶಿರಾಶಿಯಾಗಿ ಕೊಂಡುದರಿಂದ ಬೆಲೆಗಳು ಗಗನಕ್ಕೇರಿದುವು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಕ್ರಿಪ್ಟೋ ನಾಣ್ಯಜಾಲವು ಗಣಿಗಾರಿಕೆಯ ಪದ್ಧತಿಯನ್ನು ತ್ಯಜಿಸಿದೊಡನೆ ಅದೇ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಪೇಟೆಗೆ ಹರಿದು ಬಂದವು. ಹಗಲಿರುಳೂ ದುಡಿದು ಬಂದ ಇಂತಹ ಆರ್‌ಎಕ್ಸ್ 580 ಅಗ್ಗವಾಗಿ ಸಿಕ್ಕರೂ, 185 ವ್ಯಾಟನ್ನು ಬೇಡುವ ಅದು ಕಚೇರಿಯ ಪೆಟ್ಟಿಗೆಗೆ ಹೇಳಿಮಾಡಿಸಿದ್ದಲ್ಲ. ಮೇಲಾಗಿ ‘2048 ಎಸ್‌ಪಿ’ ಎಂಬ ಅಂಕಿತದೊಡನೆ ಮಾರಾಟವಾಗುವ 580, ಅಂತರಂಗದಲ್ಲಿ ಆರ್‌ಎಕ್ಸ್ 570ಕ್ಕೆ ಸಮೀಪವಾದುದು. ಹಳೆಯ ಚಿಪ್ಪಿನ ಬಯೋಸನ್ನು ತಿದ್ದಿ 1050 ಟಿಐ ಎಂಬ ಹೆಸರನ್ನು ಅಂಟಿಸಿದ ನಕಲಿಗಳೂ ಪ್ರಚಲಿತವಾಗಿರುವುದರಿಂದ, ಅಂಗಡಿಯಲ್ಲಿಯೇ ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶವನ್ನು ಓಡಿಸಿ ನೋಡದೆ ಹಣ ಕೊಡತಕ್ಕದ್ದಲ್ಲ.

ಜಿಬಿಗಳ ಸಂಖ್ಯೆಯನ್ನು ಮಾತ್ರ ನೋಡಿ ಮೋಸಹೋಗುವವರೂ ಹಲವರುಂಟು. 4 ಜಿಬಿ ಎಂದು ದೊಡ್ಡಕ್ಷರದಲ್ಲಿ ಮುದ್ರಿತವಾದ ಜಿಟಿ 730ರಲ್ಲಿ ನಿಧಾನಗತಿಯ ಡಿಡಿಆರ್3 ಸ್ಮೃತಿಯಿದ್ದರೆ ಆ ಗಾತ್ರದಿಂದ ಆಟಕ್ಕೆ ಪ್ರಯೋಜನವಿಲ್ಲ. ಜಿಟಿ 1030 ಎಂಬ ಒಂದೇ ಹೆಸರಿನಲ್ಲಿ 2017ರ ಜಿಡಿಡಿಆರ್5 ರೂಪವೂ 2018ರ ಡಿಡಿಆರ್4 ರೂಪವೂ ಇದ್ದು, ಎರಡನೆಯದರ ಸ್ಮೃತಿವೇಗವು ಮೊದಲನೆಯದರ ಮೂರನೆಯ ಒಂದು ಪಾಲಿನಷ್ಟು ಮಾತ್ರ ಎಂಬುದನ್ನು ಕೊಳ್ಳುವವರು ಅವಶ್ಯವಾಗಿ ಅರಿತಿರಬೇಕು.

ನಮ್ಮ ಪ್ರಾಂತದ ಸ್ಥಿತಿಗತಿಗಳೂ ಈ ಆಯ್ಕೆಯನ್ನು ನಿರ್ಧರಿಸುತ್ತವೆ. ನಿಪ್ಪಾಣಿಯವರಿಗೆ ಹೆದ್ದಾರಿಯಲ್ಲಿ ಕೊಲ್ಲಾಪುರವೂ, ಕಾಗವಾಡದವರಿಗೆ ಮಿರಜವೂ ಸಮೀಪದ ಪೇಟೆಗಳು. ರಾಯಬಾಗ, ಕುಡಚಿ, ಉಗಾರ, ಶೇಡಬಾಳಗಳು ಮಿರಜ–ಲೋಂಡಾ ರೈಲುಮಾರ್ಗದಲ್ಲಿಯೇ ಇವೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಂದಿನಿಂದ ಗಡಿಯ ಈಚೆ ಕೊಂಡರೂ ಆಚೆ ಕೊಂಡರೂ ತೆರಿಗೆಯ ದರವು ಒಂದೇ ಆಗಿರುವುದರಿಂದ, ಬಿಲ್ಲನ್ನು ಬಿಟ್ಟುಕೊಡುವುದರಲ್ಲಿ ಯಾವ ಜಾಣತನವೂ ಇಲ್ಲ. ವಾರಂಟಿಗೆ ಅದೇ ಆಧಾರ. ಕರೆಂಟಿನ ಏರಿಳಿತ, ವೈಶಾಖದ ಸೆಕೆ, ಕಬ್ಬಿನ ರವದಿ ಸುಟ್ಟಾಗ ಹಾರಿಬರುವ ಬೂದಿ, ಇವೆಲ್ಲವನ್ನೂ ಸಹಿಸಬೇಕಾದ ಯಂತ್ರಕ್ಕೆ ಕಡಮೆ ವಿದ್ಯುತ್ತುಂಡು ಕಡಮೆ ಕಾವೇರುವ ಕಾರ್ಡೇ ಹಿತಕರ. ಮನೆಯಲ್ಲಿರುವ 600 ವಿಎ ಯುಪಿಎಸ್ಸಿನ ಮೇಲೂ ಅದರಿಂದ ಭಾರ ಬೀಳದು.

ಹೀಗಿರುವುದರಿಂದ ನಿರ್ಣಯವು ಸ್ಪಷ್ಟವಾಗಿದೆ. ಯಂತ್ರದಲ್ಲಿ ಎಸ್‌ಎಸ್‌ಡಿಯೂ 16 ಜಿಬಿ ರ‍್ಯಾಮೂ ಇಲ್ಲದಿದ್ದರೆ ಮೊದಲು ಅವುಗಳಿಗೆ ವೆಚ್ಚ ಮಾಡತಕ್ಕದ್ದು. ಅನಂತರ, ಎಸ್‌ಎಂಪಿಎಸ್ಸನ್ನು ಬದಲಿಸಲಾಗದ ಪೆಟ್ಟಿಗೆಗೆ, ಹೆಚ್ಚಿನ ತಂತಿ ಬೇಡದ 6 ಜಿಬಿಯ ಆರ್‌ಟಿಎಕ್ಸ್ 3050 ಎಲ್ಲಕ್ಕಿಂತ ಯೋಗ್ಯವಾದುದು. ಸಣ್ಣ ಪೆಟ್ಟಿಗೆಯಾದರೆ ಅದರ ಲೋ ಪ್ರೊಫೈಲ್ ರೂಪವನ್ನೇ ಕೇಳಿ ಕೊಳ್ಳಬೇಕು. ಹಣ ಸಾಲದವರು ಹೆಚ್ಚಿನ ತಂತಿ ಬೇಡದ ಜಿಟಿಎಕ್ಸ್ 1650ನ್ನು ಸೆಕೆಂಡ್ ಹ್ಯಾಂಡಿನಲ್ಲಿ ಪರೀಕ್ಷಿಸಿ ಕೊಳ್ಳಬಹುದು. 750 ಟಿಐ, 1050 ಟಿಐಗಳಿಗೆ ಹೊಸ ಆಟಗಳ ಡ್ರೈವರುಗಳು 2025ರ ಅಕ್ಟೋಬರಿನಲ್ಲಿ ನಿಂತುಹೋದುದರಿಂದ, ಅವುಗಳ ಕೀರ್ತಿ ಎಷ್ಟೇ ದೊಡ್ಡದಾದರೂ ಈಗ ಹೊಸದಾಗಿ ಕೊಳ್ಳುವುದು ವಿವೇಕವಲ್ಲ. ಅದೇ ತಿಂಗಳ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿದಿದೆ. ನಾಲ್ಕನೆಯ ಪೀಳಿಗೆಯ ಪ್ರೊಸೆಸರಿಗೆ ವಿಂಡೋಸ್ 11ರ ಅಧಿಕೃತ ಮಾನ್ಯತೆಯಿಲ್ಲ. ಆದಕಾರಣ ಹಳೆಯ ಗಣಕದ ಬೆಲೆಗಿಂತ ಹೆಚ್ಚಿನ ಬೆಲೆಯ ಕಾರ್ಡನ್ನು ಅದಕ್ಕೆ ತೊಡಿಸಬೇಡಿ; ನಾಳೆ ಬರುವ ಹೊಸ ಯಂತ್ರಕ್ಕೂ ವರ್ಗಾಯಿಸಬಹುದಾದ ಕಾರ್ಡನ್ನೇ, ಬಿಲ್ಲಿನೊಡನೆ, ಕೊಳ್ಳಿರಿ.