ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕಿನ ಸಂವಹನ

ನರಗುಂದ ತಾಲ್ಲೂಕಿನ ಚಿಕ್ಕನರಗುಂದದಂತಹ ಗ್ರಾಮೀಣ ಪ್ರದೇಶಗಳಿಗೆ ಅಂತರ್ಜಾಲ ಸಂಪರ್ಕ ಒದಗಿಸಲು ಕೇಂದ್ರ ಸರ್ಕಾರವು 2011ರಲ್ಲಿ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಯೋಜನೆಗೆ ಅನುಮೋದನೆ ನೀಡಿತು. 2015ರಲ್ಲಿ ಇದಕ್ಕೆ ಭಾರತ್‌ನೆಟ್ ಎಂಬ ಹೆಸರನ್ನಿಡಲಾಯಿತು. ಗ್ರಾಮ ಪಂಚಾಯತಿಗಳನ್ನು ಫೈಬರ್ ಮೂಲಕ ಜೋಡಿಸುವುದು ಇದರ ಮುಖ್ಯ ಉದ್ದೇಶ.

ಫೈಬರ್ ಎಂಬುದು ಅತಿ ಶುದ್ಧ ಸಿಲಿಕಾ ಗಾಜಿನ ಎಳೆ. ಹೊದಿಕೆ ಸೇರಿ ಗಾಜಿನ ವ್ಯಾಸ 125 ಮೈಕ್ರಾನ್, ಅಂದರೆ ಮಿಲಿಮೀಟರಿನ ಎಂಟನೆಯ ಒಂದು ಭಾಗ. ದೂರಸಂಪರ್ಕದ ಎಳೆಯಲ್ಲಿ ಬೆಳಕು ಸಾಗುವ ತಿರುಳು ಸುಮಾರು 9 ಮೈಕ್ರಾನ್ ಮಾತ್ರ. ತಿರುಳಿನ ವಕ್ರೀಭವನ ಸೂಚ್ಯಂಕವು ಹೊದಿಕೆಯದಕ್ಕಿಂತ ತುಸು ಹೆಚ್ಚಾಗಿರುವುದರಿಂದ, ಓರೆಯಾಗಿ ಅಂಚನ್ನು ತಲುಪಿದ ಬೆಳಕು ಪೂರ್ಣ ಆಂತರಿಕ ಪ್ರತಿಫಲನ ಹೊಂದಿ ಒಳಗೇ ಉಳಿಯುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಲೇಸರ್‌ನ ಅತಿ ಶೀಘ್ರ ಮಿನುಗುಗಳೇ ಇಲ್ಲಿ ಮಾಹಿತಿಯನ್ನು ಒಯ್ಯುತ್ತವೆ. ಹೋಗುವ ಮತ್ತು ಬರುವ ಸಂಕೇತಗಳಿಗೆ ಬೇರೆ ಬೇರೆ ತರಂಗಾಂತರ ಬಳಸಿದರೆ ಒಂದೇ ಎಳೆ ಸಾಕು.

ಗಾಜಿನಲ್ಲಿನ ಕಲ್ಮಶವೇ ಬೆಳಕು ಕ್ಷೀಣಿಸಲು ಮುಖ್ಯ ಕಾರಣವೆಂದು 1966ರಲ್ಲಿ ತೋರಿಸಿದ ಚಾರ್ಲ್ಸ್ ಕಾವೊ ಅವರಿಗೆ 2009ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಇಂದಿನ ಫೈಬರ್‌ನಲ್ಲಿ ಸುಮಾರು 15 ಕಿಲೋಮೀಟರ್ ಸಾಗಿದ ನಂತರವೂ ಅರ್ಧದಷ್ಟು ಬೆಳಕು ಉಳಿದಿರುತ್ತದೆ.

ನರಗುಂದ ಭಾಗದ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಆದರೂ ನೆಲದೊಳಗೆ ಪ್ಲಾಸ್ಟಿಕ್ ಕೊಳವೆಯಲ್ಲಿರುವ ಕೇಬಲ್ಲಿಗೆ ಮಣ್ಣಿಗಿಂತ ರಸ್ತೆ ಹಾಗೂ ನೀರಿನ ಪೈಪಿನ ಕಾಮಗಾರಿಗಳಲ್ಲಿ ಬಳಸುವ ಜೆಸಿಬಿಯ ಭಯವೇ ಹೆಚ್ಚು. ತುಂಡಾದ ಎಳೆಗಳನ್ನು ತಾಮ್ರದ ತಂತಿಯಂತೆ ಹೊಸೆದು ಸೇರಿಸಲಾಗದು. ತುದಿಗಳನ್ನು ಸಮವಾಗಿ ಕತ್ತರಿಸಿ, ತಿರುಳಿಗೆ ತಿರುಳು ಹೊಂದಿಸಿ, ವಿದ್ಯುತ್ ಕಿಡಿಯ ಶಾಖದಿಂದ ಬೆಸೆಯಬೇಕು. ಅಲ್ಲಿಯವರೆಗೆ ಆ ಎಳೆಯನ್ನೇ ಅವಲಂಬಿಸಿದ ಪಂಚಾಯತಿ ಕಚೇರಿಯ ಆನ್‌ಲೈನ್ ಸೇವೆ ಸ್ಥಗಿತಗೊಳ್ಳುತ್ತದೆ.