ಮೇಣ, ಮೂಷೆ ಮತ್ತು ಜಿನಬಿಂಬ

ದೇವಪೂಜೆಯು ಶ್ರಾವಕನ ಷಟ್ಕರ್ಮಗಳಲ್ಲಿ ಮೊದಲನೆಯದೆಂಬುದು ಸರ್ವವಿದಿತವಾದ ಸಂಗತಿ. ಗರ್ಭಾವತರಣದಿಂದ ಮೋಕ್ಷದವರೆಗಿನ ಪಂಚಕಲ್ಯಾಣ ವಿಧಿಗಳಿಂದ ಬಿಂಬವು ಪೂಜಾರ್ಹವಾಗುವ ಕ್ರಮವನ್ನು ಪ್ರತಿಷ್ಠಾಚಾರ್ಯರು ಇಂತಹ ಮಹೋತ್ಸವಗಳಲ್ಲಿ ವಿವರಿಸುತ್ತಲೇ ಇರುತ್ತಾರೆ. ಆದರೆ ಆ ಬಿಂಬವು ಪ್ರತಿಷ್ಠಾಮಂಟಪಕ್ಕೆ ಬರುವ ಮೊದಲು ಎಲ್ಲಿತ್ತು, ಯಾವ ಬೆಂಕಿಯನ್ನು ಹಾಯ್ದು ಬಂದಿತು ಎಂಬುದನ್ನು ವಿಚಾರಿಸುವವರು ವಿರಳ. ಶಿಲಾಬಿಂಬದ ಮಟ್ಟಿಗೆ ಉಳಿಯ ಕೆಲಸವನ್ನು ಯಾರಾದರೂ ಊಹಿಸಿಕೊಳ್ಳಬಹುದು. ಲೋಹದ ಬಿಂಬದ ಹುಟ್ಟು ಹಾಗಲ್ಲ. ಅದರ ಮೊದಲ ದೇಹವು ಮೇಣದ್ದು. ಆ ದೇಹವು ಸಂಪೂರ್ಣವಾಗಿ ಅಳಿದ ಮೇಲೆಯೇ ಎರಡನೆಯ ದೇಹವು ಉಂಟಾಗುತ್ತದೆ. ಈ ಕ್ರಮಕ್ಕೆ ಶಿಲ್ಪಶಾಸ್ತ್ರದಲ್ಲಿ ಮಧೂಚ್ಛಿಷ್ಟ ವಿಧಾನವೆಂದು ಹೆಸರು. ಮಧೂಚ್ಛಿಷ್ಟವೆಂದರೆ ಜೇನು ತೆಗೆದ ಮೇಲೆ ಉಳಿಯುವ ಶೇಷ, ಅಂದರೆ ಜೇನುಮೇಣ. ಮಧುತ್ಯಾಗವನ್ನು ಮೂಲಗುಣವಾಗಿ ಪಾಲಿಸುವ ನಮ್ಮ ಸಮಾಜಕ್ಕೆ ಈ ಹೆಸರೇ ಒಂದು ಪ್ರಶ್ನೆಯನ್ನು ಒಡ್ಡುತ್ತದೆ. ಅದನ್ನು ಮುಂದೆ ನೋಡೋಣ.

ಕೊಳ್ಳೇಗಾಲ, ಯಳಂದೂರು, ಹನೂರು ಸೀಮೆಗೆ ಜೈನಧರ್ಮವು ಹೊಸದಲ್ಲ. ಗಂಗರ ರಾಜಧಾನಿಯಾಗಿದ್ದ ತಲಕಾಡು ಕಾವೇರಿಯ ಆಚೆ ದಡದಲ್ಲಿಯೇ ಇದೆ. ಕೊಳ್ಳೇಗಾಲಕ್ಕೆ ಸೇರಿದ ಬಸ್ತೀಪುರದ ಹೆಸರೇ ಬಸದಿಯ ನೆನಪನ್ನು ಉಳಿಸಿಕೊಂಡಿದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ (1673–1704) ಪ್ರಧಾನರಾಗಿದ್ದ ವಿಶಾಲಾಕ್ಷ ಪಂಡಿತರು ಯಳಂದೂರಿನ ಜೈನರು. ನೆರೆಯ ಚಾಮರಾಜನಗರ ತಾಲ್ಲೂಕಿನ ಮಲೆಯೂರು ಕನಕಗಿರಿಯು ಪೂಜ್ಯಪಾದ ಆಚಾರ್ಯರ ಸ್ಮರಣೆಯಿಂದ ಪುನೀತವಾದ ಕ್ಷೇತ್ರ. 19ನೆಯ ಶತಮಾನದ ಪೂರ್ವಾರ್ಧದಲ್ಲಿ ‘ರಾಜಾವಳಿ ಕಥೆ’ಯನ್ನು ಬರೆದ ದೇವಚಂದ್ರನು ಅಲ್ಲಿಯವನೇ. ಇಂತಹ ನಾಡಿನ ಶ್ರಾವಕರಿಗೆ ಬಿಂಬನಿರ್ಮಾಣದ ವಿಚಾರವು ಹೊರಗಿನದಲ್ಲ. ಅದಲ್ಲದೆ, ಈ ಕಲೆಗೆ ಬೇಕಾದ ಎರಡು ಮೂಲದ್ರವ್ಯಗಳಾದ ಕಾಡಿನ ಮೇಣ ಮತ್ತು ಕಾವೇರಿಯ ಮಣ್ಣು ನಮ್ಮ ಸೀಮೆಯ ಎರಡು ಅಂಚುಗಳಲ್ಲಿವೆ.

ಎರಕದ ಕ್ರಮವನ್ನು ಸಾದ್ಯಂತವಾಗಿ ವಿವರಿಸಿದ ಪ್ರಾಚೀನ ಗ್ರಂಥಗಳಲ್ಲಿ ಪ್ರಮುಖವಾದುದು ಕನ್ನಡ ನಾಡಿನಲ್ಲಿಯೇ ಹುಟ್ಟಿತೆಂಬುದು ನಮಗೆ ಹೆಮ್ಮೆಯ ವಿಷಯ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಕ್ರಿ. ಶ. ಸುಮಾರು 1130ರಲ್ಲಿ ರಚಿಸಿದ ‘ಮಾನಸೋಲ್ಲಾಸ’ವೇ ಆ ಗ್ರಂಥ. ‘ಅಭಿಲಷಿತಾರ್ಥ ಚಿಂತಾಮಣಿ’ಯೆಂಬುದು ಅದರ ಇನ್ನೊಂದು ಹೆಸರು. ತಲಾ ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳುಳ್ಳ ಈ ಸಂಸ್ಕೃತ ಗ್ರಂಥದ ಮೊದಲನೆಯ ವಿಂಶತಿಯಲ್ಲಿಯೇ ಲೋಹಪ್ರತಿಮೆಯ ವಿಚಾರ ಬರುತ್ತದೆ. ಅರಸನಾದವನು ಕುಲುಮೆಯ ಮುಂದೆ ನಿಂತು ನೋಡದೆ ಇಷ್ಟು ಸೂಕ್ಷ್ಮವಾಗಿ ಬರೆಯಲಾರನೆಂದು ಓದುವವರಿಗೆ ಅನಿಸದೆ ಇರದು.

ಅಲ್ಲಿ ಹೇಳಿರುವ ಕ್ರಮದ ಸಾರಾಂಶವಿದು. ಮೊದಲು ತಾಳಮಾನಕ್ಕೆ ಸರಿಯಾಗಿ ಮೇಣದಲ್ಲಿ ಪೂರ್ಣ ವಿಗ್ರಹವನ್ನು ರಚಿಸಬೇಕು. ಬೆನ್ನು, ಭುಜ, ಕೊರಳು ಅಥವಾ ಕಿರೀಟದ ಸ್ಥಾನದಲ್ಲಿ ದತ್ತೂರದ ಹೂವಿನಂತೆ ಬಾಯಿ ಅಗಲವಾದ ನಾಳಗಳನ್ನು ಮೇಣದಿಂದಲೇ ಜೋಡಿಸಬೇಕು. ಬಳಿಕ ಮೇಣವನ್ನು ತೂಗಿ ತೂಕವನ್ನು ಗುರುತಿಟ್ಟುಕೊಳ್ಳಬೇಕು. ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ ಮತ್ತು ಸ್ವಲ್ಪ ಉಪ್ಪನ್ನು ಬೆರೆಸಿ ಕಲ್ಲಿನ ಮೇಲೆ ನುಣ್ಣಗೆ ಅರೆದ ಮಣ್ಣನ್ನು ವಿಗ್ರಹಕ್ಕೆ ಮೂರು ಬಾರಿ ಲೇಪಿಸಬೇಕು. ಮೊದಲ ಲೇಪ ತೆಳುವಾಗಿರಬೇಕು ಮತ್ತು ನೆರಳಿನಲ್ಲಿ ಒಣಗಬೇಕು. ಎರಡು ದಿನ ಕಳೆದ ಮೇಲೆ ಎರಡನೆಯದು, ಅದೂ ಒಣಗಿದ ಬಳಿಕ ದಪ್ಪನಾದ ಮೂರನೆಯದು. ನಾಳಗಳ ಬಾಯಿಯನ್ನು ಮಾತ್ರ ಮುಚ್ಚಕೂಡದು. ಅಚ್ಚನ್ನು ಕಾಯಿಸಿದಾಗ ಮೇಣವು ಕರಗಿ ಹೊರಗೆ ಹರಿಯುತ್ತದೆ. ಮೂಷೆಯಲ್ಲಿ ಲೋಹವನ್ನು ದ್ರವವಾಗಿಸಿ, ಇಕ್ಕಳದಿಂದ ಹಿಡಿದು, ಧಾರೆ ಕಡಿಯದಂತೆ ನಾಳದ ಬಾಯಿಯವರೆಗೆ ತುಂಬಿ ನಿಲ್ಲಿಸಬೇಕು. ತಾನಾಗಿ ತಣ್ಣಗಾದ ಮೇಲೆ ಮಣ್ಣನ್ನು ಎಚ್ಚರಿಕೆಯಿಂದ ಒಡೆದು, ನಾಳಗಳನ್ನು ಕತ್ತರಿಸಿ, ಮೆರುಗು ಕೊಡಬೇಕು.

ಈ ಒಂದೊಂದು ವಿಧಿಗೂ ಕಾರಣವಿದೆ. ಮೊದಲ ಲೇಪವು ನುಣುಪಾಗಿರದಿದ್ದರೆ ಶ್ರೀವತ್ಸದ ಗೆರೆಯಾಗಲಿ, ಗುಂಗುರುಕೂದಲಿನ ಸುರುಳಿಯಾಗಲಿ ಲೋಹದಲ್ಲಿ ಮೂಡದು. ಹೊಟ್ಟಿನ ಬೂದಿ ಮತ್ತು ಹತ್ತಿಯ ಎಳೆಗಳು ಮಣ್ಣಿನಲ್ಲಿ ಸೂಕ್ಷ್ಮ ರಂಧ್ರಗಳನ್ನುಳಿಸಿ ಆವಿಗೆ ದಾರಿ ಮಾಡುತ್ತವೆ ಮತ್ತು ಅಚ್ಚು ಬಿರಿಯದಂತೆ ಬಿಗಿಯುತ್ತವೆ. ಒಂದು ನಾಳದಲ್ಲಿ ಲೋಹ ಇಳಿಯುವಾಗ ಒಳಗಿನ ಗಾಳಿಯು ಇನ್ನೊಂದರಿಂದ ಹೊರಬರಬೇಕು; ಇಲ್ಲವಾದರೆ ಗಾಳಿ ಸಿಕ್ಕಿಕೊಂಡ ಕಡೆ ಬಿಂಬದಲ್ಲಿ ಗುಳಿ ಬೀಳುತ್ತದೆ. ಜೇನುಮೇಣವು ಸುಮಾರು 63 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗಿದರೆ ತಾಮ್ರವು ಕರಗುವುದು 1085 ಡಿಗ್ರಿಯಲ್ಲಿ. ತಣ್ಣನೆಯ ಅಚ್ಚಿಗೆ ಅಂತಹ ದ್ರವವನ್ನು ಸುರಿದರೆ ಅದು ಬೆರಳ ತುದಿಯನ್ನು ಮುಟ್ಟುವ ಮೊದಲೇ ಹೆಪ್ಪುಗಟ್ಟುತ್ತದೆ. ಆದುದರಿಂದ ಅಚ್ಚೂ ಕಾದಿರಬೇಕು.

ತೂಕದ ಲೆಕ್ಕವಂತೂ ಬೆರಗು ಹುಟ್ಟಿಸುವಂಥದು. ಮೇಣದ ತೂಕಕ್ಕೆ ಹಿತ್ತಾಳೆ, ತಾಮ್ರಗಳಾದರೆ ಎಂಟು ಅಥವಾ ಹತ್ತು ಪಟ್ಟು, ಬೆಳ್ಳಿಯಾದರೆ ಹನ್ನೆರಡು ಪಟ್ಟು, ಚಿನ್ನವಾದರೆ ಹದಿನಾರು ಪಟ್ಟು ತೆಗೆದುಕೊಳ್ಳಬೇಕೆಂದು ಗ್ರಂಥವು ಹೇಳುತ್ತದೆ. ಇಂದಿನ ಸಾಂದ್ರತೆಯ ಲೆಕ್ಕದಲ್ಲಿ ಜೇನುಮೇಣಕ್ಕಿಂತ ತಾಮ್ರವು ಒಂಬತ್ತು ಪಟ್ಟಿಗಿಂತ ತುಸು ಹೆಚ್ಚು, ಬೆಳ್ಳಿಯು ಹನ್ನೊಂದು ಪಟ್ಟಿನಷ್ಟು ಭಾರ. ಎರಡು ಕಿಲೋ ಮೇಣದ ಬಿಂಬಕ್ಕೆ ಹತ್ತೊಂಬತ್ತು ಕಿಲೋಗೆ ಸಮೀಪದ ತಾಮ್ರ ಬೇಕು; ಇಪ್ಪತ್ತು ಕಿಲೋ ಕರಗಿಸಿದರೆ ಕೊರತೆಯಾಗದು. ಚಿನ್ನದ ಲೆಕ್ಕ ಮಾತ್ರ ಶುದ್ಧ ಅಪರಂಜಿಗೆ ಸಾಲದು, ಅದಕ್ಕೆ ಇಪ್ಪತ್ತು ಪಟ್ಟು ಬೇಕಾಗುತ್ತದೆ. ಬಹುಶಃ ಬೆರಕೆಯ ಚಿನ್ನವನ್ನು ಮನಸ್ಸಿನಲ್ಲಿಟ್ಟು ಹೇಳಿರಬಹುದು. ಅದೇನೇ ಇರಲಿ, ಎಂಟೂವರೆ ನೂರು ವರ್ಷಗಳಿಗೂ ಹಿಂದಿನ ಈ ಲೆಕ್ಕವನ್ನು ಇಂದಿನ ಸ್ಥಪತಿಯೂ ತಳ್ಳಿಹಾಕಲಾರನು.

ಇನ್ನು ಈ ಕಲೆಯು ನಮ್ಮ ಆಚಾರ್ಯರ ಚಿಂತನೆಯಲ್ಲಿ ಪಡೆದ ಸ್ಥಾನವನ್ನು ಹೇಳದೆ ಮುಂದುವರಿಯಲಾಗದು. ನೇಮಿಚಂದ್ರ ಸಿದ್ಧಾಂತದೇವರ ‘ದ್ರವ್ಯಸಂಗ್ರಹ’ದಲ್ಲಿ ಸಿದ್ಧಪರಮೇಷ್ಠಿಯ ಸ್ವರೂಪವನ್ನು ಹೇಳುವಾಗ, ಅಷ್ಟಕರ್ಮಗಳೂ ದೇಹವೂ ನಷ್ಟವಾಗಿ ಲೋಕಶಿಖರದಲ್ಲಿ ನೆಲಸಿದ ಆತ್ಮವು ಪುರುಷಾಕಾರವೆಂದು ತಿಳಿಸಿದೆ. ಇಲ್ಲಿ ಸಂದೇಹವು ಸಹಜ. ದೇಹವೇ ಇಲ್ಲದವನಿಗೆ ಆಕಾರವೆಲ್ಲಿಂದ ಬಂತು? ಇದಕ್ಕೆ ವ್ಯಾಖ್ಯಾನಕಾರರಾದ ಬ್ರಹ್ಮದೇವರು ಕೊಡುವ ದೃಷ್ಟಾಂತವು ಎರಕದ ಅಂಗಳದಿಂದಲೇ ಬಂದಿದೆ. ಮೇಣವು ಹೊರಟುಹೋದ ಮೂಷೆಯ ಗರ್ಭದಲ್ಲಿ ಮೇಣವಿಲ್ಲ, ಆದರೆ ಮೇಣದ ಆಕಾರವು ಹಾಗೆಯೇ ನಿಂತಿದೆ. ಸಿದ್ಧರ ಆಕಾರವೂ ಅಂತೆಯೇ ಎಂಬುದು ಅದರ ತಾತ್ಪರ್ಯ. ಇಲ್ಲಿ ಮೂಷೆಯೆಂದರೆ ಲೋಹ ಕರಗಿಸುವ ಪಾತ್ರೆಯಲ್ಲ, ಮಣ್ಣಿನ ಅಚ್ಚು. ಪ್ರಾಕೃತ ಆಗಮ ಪರಂಪರೆಯಲ್ಲಿಯೂ ಈ ಉಪಮೆಯು ಕಾಣಸಿಗುತ್ತದೆ. ಓದುವವರಿಗೂ ಕೇಳುವವರಿಗೂ ಎರಕದ ಕ್ರಮ ಚಿರಪರಿಚಿತವಾಗಿದ್ದ ಹೊರತು ಇಂತಹ ದೃಷ್ಟಾಂತವನ್ನು ಯಾರೂ ಬಳಸಲಾರರು.

ಸಿದ್ಧರ ಆಕಾರವು ಚರಮಶರೀರಕ್ಕಿಂತ ಕಿಂಚಿತ್ ಊನವೆಂದೂ ಅದೇ ಗ್ರಂಥ ಹೇಳುತ್ತದೆ. ಅಚ್ಚಿನೊಳಗಿನ ಲೋಹವೂ ಆರುವಾಗ ಕುಗ್ಗಿ ಮೇಣದ ಮೂಲಕ್ಕಿಂತ ನೂರಕ್ಕೆ ಒಂದೂವರೆ, ಎರಡು ಭಾಗದಷ್ಟು ಕಿರಿದಾಗುತ್ತದೆ. ಶಾಸ್ತ್ರವು ಹೇಳುವ ಕಾರಣವೇ ಬೇರೆಯಾದುದರಿಂದ ಈ ಹೋಲಿಕೆಯನ್ನು ಬೆಳೆಸುವುದು ಉಚಿತವಲ್ಲ; ಕುತೂಹಲಕ್ಕಾಗಿ ಹೇಳಿದೆ. ಅನೇಕ ಬಸದಿಗಳಲ್ಲಿರುವ ಸಿದ್ಧಪ್ರತಿಮೆಯನ್ನು ನೋಡಿದವರಿಗೆ ಮೂಷೆಯ ದೃಷ್ಟಾಂತವು ಇನ್ನೂ ಸ್ಪಷ್ಟವಾಗುತ್ತದೆ. ಲೋಹದ ಫಲಕದಲ್ಲಿ ನಿಂತ ಪುರುಷನ ಆಕಾರವನ್ನು ಕೊರೆದು ತೆಗೆದಿರುತ್ತಾರೆ. ಅಲ್ಲಿ ಪೂಜೆಗೊಳ್ಳುವುದು ಲೋಹವಲ್ಲ, ಲೋಹವಿಲ್ಲದ ಬಯಲು.

ಈಗ ಮೊದಲು ಎತ್ತಿದ ಪ್ರಶ್ನೆಗೆ ಬರೋಣ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಐದು ಅಣುವ್ರತಗಳೊಡನೆ ಸೇರಿಸಿ ಅಷ್ಟಮೂಲಗುಣಗಳೆಂದರು. ಅಮೃತಚಂದ್ರಸೂರಿಗಳು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಇನ್ನೂ ಮುಂದೆ ಹೋಗಿ, ಹುಟ್ಟಿನಿಂದ ತಾನಾಗಿ ಸೋರಿದ ಜೇನಿನಲ್ಲಿಯೂ ಅದನ್ನಾಶ್ರಯಿಸಿದ ಜೀವಿಗಳ ಘಾತದಿಂದ ಹಿಂಸೆಯುಂಟೆಂದು ಸಾರಿದರು. ಮೇಣವು ಆಹಾರವಲ್ಲ, ನಿಜ. ಆದರೆ ಅದು ಮರಿಹುಳುಗಳು ಬೆಳೆಯುವ ಗೂಡು. ಮೇಣವನ್ನು ಮಾತ್ರ ಬೇರೆಯಾಗಿ ಎಣಿಸುವುದು ಆಚಾರ್ಯರ ತರ್ಕಕ್ಕೆ ಹೊಂದುವುದಿಲ್ಲವೆಂದು ನನ್ನ ಅಭಿಪ್ರಾಯ. ಹಿಂದಿನವರಿಗೆ ಬೇರೆ ದಾರಿಯಿರಲಿಲ್ಲ. ಮೃದುವಾಗಿ ಬಾಗುವ, ನಿಶ್ಶೇಷವಾಗಿ ಕರಗಿಹೋಗುವ ಬೇರೊಂದು ದ್ರವ್ಯವು ಆ ಕಾಲದಲ್ಲಿ ಸುಲಭವಾಗಿ ದೊರೆಯುತ್ತಿರಲಿಲ್ಲ.

ನಮ್ಮ ಸೀಮೆಯಲ್ಲಿ ಈ ವಿಷಯ ಪುಸ್ತಕದ ಮಾತಲ್ಲ. ಯಳಂದೂರಿಗೆ ಸೇರಿದ ಬಿಳಿಗಿರಿರಂಗನ ಬೆಟ್ಟ ಮತ್ತು ಹನೂರಿಗೆ ಸೇರಿದ ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ಹೆಜ್ಜೇನು ಎತ್ತರದ ಮರಗಳಲ್ಲಿಯೂ ಬಂಡೆಗಳಲ್ಲಿಯೂ ಗೂಡು ಕಟ್ಟುತ್ತದೆ. ಸೋಲಿಗರು ಹೊಗೆಯ ಪಂಜು ಹಿಡಿದು ಏರಿ ಜೇನನ್ನೂ ಮೇಣವನ್ನೂ ಇಳಿಸುತ್ತಾರೆ. ಗೂಡಿನ ಒಂದು ಪಾಲನ್ನು ಜೇನಿಗೇ ಬಿಟ್ಟು ಬರುವುದು ಅವರ ರೂಢಿ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಸಮುದಾಯ ಅರಣ್ಯ ಹಕ್ಕುಗಳಿಗೆ ಮನ್ನಣೆ ದೊರೆಯಿತು. ಅವರ ಬದುಕಿನ ಆಧಾರವನ್ನು ಆಕ್ಷೇಪಿಸುವುದು ಈ ಲೇಖನದ ಉದ್ದೇಶವಲ್ಲ. ಜಿನಬಿಂಬಕ್ಕೆಂದು ಕೇಳುವ ಮೇಣವು ಯಾವುದಿರಬೇಕೆಂಬುದು ನಮ್ಮ ವ್ರತಕ್ಕೆ ಸಂಬಂಧಿಸಿದ ವಿಚಾರ. ಅದಕ್ಕೆ ಉತ್ತರ ಹೇಳಬೇಕಾದವರು ನಾವು.

ಎರಡನೆಯ ದ್ರವ್ಯವಾದ ಮಣ್ಣಿನ ಕಥೆಯು ಕಾವೇರಿಯ ಜೊತೆಗೆ ಹರಿಯುತ್ತದೆ. ಶಿವನಸಮುದ್ರದಲ್ಲಿ ಧುಮುಕಿ ನಮ್ಮ ಗಡಿಯನ್ನು ದಾಟುವ ನದಿಯು ತಂಜಾವೂರು ಸೀಮೆಯಲ್ಲಿ ಹಾಸುವ ನುಣುಪಾದ ಮೆಕ್ಕಲನ್ನೇ ಕುಂಭಕೋಣದ ಬಳಿಯ ಸ್ವಾಮಿಮಲೆಯ ಸ್ಥಪತಿಗಳು ಇಂದಿಗೂ ಮೊದಲ ಲೇಪಕ್ಕೆ ಬಳಸುತ್ತಾರೆ. ಮೇಣಕ್ಕೆ ರಾಳವನ್ನೂ ಎಣ್ಣೆಯನ್ನೂ ಸೇರಿಸಿ ಹದಗೊಳಿಸುವುದು ಅವರ ಪದ್ಧತಿ. ಅವರ ಬಿಂಬಗಳು ಒಳಗೆ ಟೊಳ್ಳಿಲ್ಲದ ಘನಬಿಂಬಗಳು. ಶ್ರವಣಬೆಳಗೊಳದ ಮಠದಲ್ಲಿರುವ ಹಲವು ಲೋಹಬಿಂಬಗಳ ಪೀಠದಲ್ಲಿ ಗ್ರಂಥ ಮತ್ತು ತಮಿಳು ಲಿಪಿಯ ಬರಹಗಳಿದ್ದು, 19ನೆಯ ಶತಮಾನದ ಮಧ್ಯಭಾಗದಲ್ಲಿ ತಮಿಳುನಾಡಿನ ಜೈನ ಶ್ರಾವಕರು ಅವುಗಳನ್ನು ಅರ್ಪಿಸಿದುದು ಅವುಗಳಿಂದ ತಿಳಿದುಬರುತ್ತದೆ. 1956ರವರೆಗೆ ಮದ್ರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲದವರಿಗೆ ಆ ದಿಕ್ಕಿನ ನಂಟು ಅಪರಿಚಿತವೇನಲ್ಲ. ಆದರೂ ಈ ಕಲೆ ತಮಿಳು ನಾಡಿಗೆ ಮಾತ್ರ ಸೀಮಿತವೆಂದು ಭಾವಿಸುವುದು ತಪ್ಪು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿರುವ, ಕೇವಲ 11 ಸೆಂಟಿಮೀಟರ್ ಎತ್ತರದ, ಬಳ್ಳಿಗಳು ಹಬ್ಬಿದ ಬಾಹುಬಲಿಯ ತಾಮ್ರಮಿಶ್ರ ಬಿಂಬವು 6–7ನೆಯ ಶತಮಾನದ ಕರ್ನಾಟಕದ್ದೆಂದು ವಿದ್ವಾಂಸರು ಗುರುತಿಸಿದ್ದಾರೆ. ವಿಂಧ್ಯಗಿರಿಯ ಗೊಮ್ಮಟನಿಗಿಂತ ಮುನ್ನೂರು ವರ್ಷಗಳಷ್ಟು ಹಿಂದೆಯೇ ಆ ತಪಸ್ವಿಯ ರೂಪವು ಮೇಣದಲ್ಲಿ ಮೂಡಿತ್ತು.

ಇದೇ ವಿಧಾನವು 20ನೆಯ ಶತಮಾನದಲ್ಲಿ ಯಂತ್ರಯುಗವನ್ನು ಪ್ರವೇಶಿಸಿದ ರೀತಿ ವಿಚಿತ್ರವಾದುದು. ಅಮೆರಿಕದ ದಂತವೈದ್ಯ ವಿಲಿಯಂ ಟ್ಯಾಗರ್ಟ್ 1907ರಲ್ಲಿ ಹಲ್ಲಿನ ಕುಳಿಗೆ ಸರಿಹೊಂದುವ ಚಿನ್ನದ ತುಂಡನ್ನು ಮೇಣದ ಅಚ್ಚಿನಿಂದ ಎರೆಯುವ ಕ್ರಮವನ್ನು ಪ್ರಕಟಪಡಿಸಿದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನದ ಎಂಜಿನುಗಳಿಗೆ ಉಳಿಯಿಂದಲೂ ಅರದಿಂದಲೂ ಮಣಿಯದ ಕಠಿಣ ಮಿಶ್ರಲೋಹಗಳ ರೆಕ್ಕೆಗಳು ಬೇಕಾದಾಗ ಎಂಜಿನಿಯರುಗಳು ದಂತವೈದ್ಯರ ಈ ಉಪಾಯವನ್ನೇ ಹಿಡಿದರು. ಇಂದು ಕಾರ್ಖಾನೆಗಳಲ್ಲಿ ಮೇಣವನ್ನು ಲೋಹದ ಅಚ್ಚಿಗೆ ಒತ್ತಡದಿಂದ ತುಂಬಿ ಒಂದೇ ಬಗೆಯ ನೂರಾರು ಮಾದರಿಗಳನ್ನು ಪಡೆಯುತ್ತಾರೆ. ಅವನ್ನು ಮರದ ಕೊಂಬೆಗಳಂತೆ ಒಂದೇ ಕಾಂಡಕ್ಕೆ ಅಂಟಿಸಿ, ನುಣುಪಾದ ಪಿಂಗಾಣಿ ದ್ರಾವಣದಲ್ಲಿ ಅದ್ದಿ, ಮೇಲೆ ಮರಳು ಉದುರಿಸಿ, ಒಣಗಿಸಿ ಮತ್ತೆ ಅದ್ದುತ್ತಾರೆ. ಏಳೆಂಟು ಪದರಗಳಾದ ಮೇಲೆ ಹಬೆಯ ಒತ್ತಡದಿಂದ ಮೇಣವನ್ನು ತೆಗೆದು, ಚಿಪ್ಪನ್ನು ಸುಮಾರು ಸಾವಿರ ಡಿಗ್ರಿಯಲ್ಲಿ ಸುಟ್ಟು, ಕಾದಿರುವಾಗಲೇ ಲೋಹ ಎರೆಯುತ್ತಾರೆ. ಬೆಂಗಳೂರಿನ ಅನಿಲ ಟರ್ಬೈನ್ ಸಂಶೋಧನಾ ಸಂಸ್ಥೆಯು ರೂಪಿಸಿದ ವಿಮಾನ ಎಂಜಿನಿಗೆ ‘ಕಾವೇರಿ’ ಎಂದೇ ಹೆಸರು. ಅದರ ಟರ್ಬೈನ್ ರೆಕ್ಕೆಗಳನ್ನು ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯದಲ್ಲಿ ಈ ಮಾರ್ಗದಿಂದಲೇ ಎರೆಯಲಾಯಿತು. ಸೋಮೇಶ್ವರನ ಮೂರು ಲೇಪಗಳಿಗೂ ಈ ಚಿಪ್ಪಿಗೂ ತತ್ತ್ವದಲ್ಲಿ ಭೇದವಿಲ್ಲ.

ನಮಗೆ ಉಪಯುಕ್ತವಾದ ಭೇದವೊಂದಿದೆ. ಕಾರ್ಖಾನೆಯ ಮೇಣವು ಬಹುಮಟ್ಟಿಗೆ ಖನಿಜತೈಲದಿಂದ ಬಂದುದು. ಪ್ಯಾರಾಫಿನ್ ಒಂದೇ ಆದರೆ ಬೆರಳಿನ ಒತ್ತಿಗೆ ಬಿರಿಯುತ್ತದೆ. ಆದರೆ ಅದೇ ತೈಲದಿಂದ ದೊರೆಯುವ ಸೂಕ್ಷ್ಮಸ್ಫಟಿಕ ಮೇಣವನ್ನೂ ಮರದ ರಾಳವನ್ನೂ ಹದವಾಗಿ ಬೆರೆಸಿದರೆ ಕೈಕೆಲಸಕ್ಕೂ ಬಾಗುವಂತಾಗುತ್ತದೆ. ಸ್ಥಪತಿಗಳಲ್ಲಿ ಅನೇಕರು ಈಗಾಗಲೇ ಜೇನುಮೇಣದೊಡನೆ ಪ್ಯಾರಾಫಿನ್ ಬೆರೆಸುತ್ತಾರೆ. ಬೆಲೆಯ ದೃಷ್ಟಿಯಿಂದ ಹಾಗೆ ಮಾಡುತ್ತಾರೆಯೇ ಹೊರತು ವ್ರತದ ದೃಷ್ಟಿಯಿಂದಲ್ಲ. ಬಿಂಬವನ್ನು ಮಾಡಿಸುವ ಶ್ರಾವಕರು ಲೋಹದ ಬೆರಕೆಯನ್ನೂ ಎತ್ತರವನ್ನೂ ಕರಾರಿನಲ್ಲಿ ಬರೆಯಿಸುವಂತೆ ಜೇನುಮೇಣವನ್ನು ಬಳಸಕೂಡದೆಂಬ ಒಂದು ಸಾಲನ್ನೂ ಬರೆಯಿಸಬಹುದು. ಇದರಿಂದ ಶಿಲ್ಪಕ್ಕೆ ಯಾವ ಕೊರತೆಯೂ ಬರುವುದಿಲ್ಲ.

ಆದರೆ ಯಂತ್ರದ ಅಚ್ಚಿನಿಂದ ಬಂದ ನೂರರಲ್ಲೊಂದು ಬಿಂಬವನ್ನು ಅಗ್ಗವೆಂದು ತರುವುದಕ್ಕೆ ನನ್ನ ಮನಸ್ಸು ಒಪ್ಪದು. ಕೈಯಿಂದ ತಿದ್ದಿದ ಮೇಣವೂ ಅದರ ಅಚ್ಚೂ ಒಂದೇ ಬಿಂಬಕ್ಕೆ ಮುಗಿಯುತ್ತವೆ. ಅಂತಹ ಬಿಂಬಕ್ಕೆ ಎರಡನೆಯ ಪ್ರತಿಯಿಲ್ಲ. ಈ ಕಾರಣದಿಂದಲೇ ಬಸದಿಗಳಲ್ಲಿ ಸವೆದುಹೋದ ಹಳೆಯ ಚತುರ್ವಿಂಶತಿ ಬಿಂಬಗಳನ್ನೂ ಯಕ್ಷಯಕ್ಷಿಯರ ಪ್ರತಿಮೆಗಳನ್ನೂ ಹೊಸ ಬಿಂಬದ ಲೋಹಕ್ಕಾಗಿ ಕರಗಿಸಲು ಕೊಡಲಾಗದು. ಪೀಠದ ಹಿಂಬದಿಯ ಒಂದೂವರೆ ಸಾಲಿನ ಬರಹದಲ್ಲಿ ದಾನಿಯ ಹೆಸರು, ಗುರುಪರಂಪರೆ, ಶಕವರ್ಷಗಳು ಉಳಿದಿರಬಹುದು. ಪ್ರತಿಯೊಂದು ಬಸದಿಯವರೂ ತಮ್ಮಲ್ಲಿರುವ ಲೋಹಬಿಂಬಗಳ ಎತ್ತರ, ತೂಕ, ಪೀಠದ ಬರಹ ಇವುಗಳನ್ನು ಭಾವಚಿತ್ರಸಹಿತ ಒಂದು ಪುಸ್ತಕದಲ್ಲಿ ದಾಖಲಿಸಿಡುವುದು ಅವಶ್ಯ. ಹೊಸ ಬಿಂಬದ ಬರಹವನ್ನಾದರೆ ಎರೆದ ಮೇಲೆ ಉಳಿಯಿಂದ ಕೊರೆಯಿಸುವ ಬದಲು ಮೇಣದ ಹಂತದಲ್ಲಿಯೇ ಬರೆಯಿಸಬಹುದು. ಆಗ ಅಕ್ಷರಗಳು ಬಿಂಬದೊಡನೆಯೇ ಎರಕಗೊಳ್ಳುತ್ತವೆ. ಪ್ರತಿಷ್ಠೆಯ ಶಕವರ್ಷ, ಮಾಸ, ತಿಥಿ ಮತ್ತು ಊರಿನ ಹೆಸರಿಗೆ ಪೀಠದಲ್ಲಿ ನಾಲ್ಕು ಬೆರಳಿನಷ್ಟು ಸ್ಥಳವನ್ನು ಬಿಡುವಂತೆ ಸ್ಥಪತಿಗೆ ಮೊದಲೇ ತಿಳಿಸಿರಬೇಕು.