ಶ್ರೀಚಕ್ರದ ಸರ್ವರೋಗಹರಾವರಣ

ಶ್ರೀಚಕ್ರದ ನವಾವರಣಗಳನ್ನು ಭೂಪುರದಿಂದ ಬಿಂದುವಿನವರೆಗೆ ಎಣಿಸಿದರೆ, ಏಳನೆಯದಾದ ಅಷ್ಟಕೋಣಕ್ಕೆ ಯೋಗಿನೀಹೃದಯಾದಿ ತಂತ್ರಗಳಲ್ಲಿ ಸರ್ವರೋಗಹರವೆಂಬ ಹೆಸರುಂಟು. ಇದರಿಂದ, ಮಂಡಲಧ್ಯಾನವಿದ್ದರೆ ಔಷಧವೇ ಬೇಡವೆಂದು ಭಾವಿಸುವವರಿದ್ದಾರೆ. ಆದರೆ ಆ ಹೆಸರಿನಲ್ಲಿ ರೋಗಶಬ್ದದ ಅರ್ಥವೇನೆಂಬುದು ವಿಚಾರಣೀಯವಾಗಿದೆ.

ಅಷ್ಟಕೋಣದಲ್ಲಿ ವಶಿನಿಯೇ ಮೊದಲಾದ ೮ ಮಂದಿ ವಾಗ್ದೇವತೆಯರು ಪೂಜಿತರಾಗುವರು. ದೇಹವನ್ನೇ ಶ್ರೀಚಕ್ರವೆಂದು ಭಾವಿಸುವ ಭಾವನೋಪನಿಷತ್ತು ಇವರನ್ನು ಶೀತ, ಉಷ್ಣ, ಸುಖ, ದುಃಖ, ಇಚ್ಛೆ, ಸತ್ತ್ವ, ರಜಸ್ಸು, ತಮಸ್ಸುಗಳೊಡನೆ ಅಭೇದವಾಗಿ ಹೇಳುತ್ತದೆ. ೧೮ನೆಯ ಶತಮಾನದಲ್ಲಿ ಭಾಸ್ಕರರಾಯರು ಈ ಉಪನಿಷತ್ತಿಗೆ ಭಾಷ್ಯವನ್ನೂ, ಭಾವನೆಯ ಕ್ರಮವನ್ನು ತಿಳಿಸುವ ಪ್ರಯೋಗವಿಧಿಯನ್ನೂ ರಚಿಸಿದರು.

ಆದುದರಿಂದ ಇಲ್ಲಿ ರೋಗವೆಂದರೆ ಚಿತ್ತವು ದ್ವಂದ್ವಗಳಿಗೂ ಗುಣಗಳಿಗೂ ವಶವಾಗಿರುವ ಸ್ಥಿತಿಯೆಂದು ಗ್ರಹಿಸುವುದೇ ಯುಕ್ತ. ಅವುಗಳನ್ನು ದೇವತಾರೂಪದಿಂದ ಕಂಡ ಸಾಧಕನಿಗೆ ಅವು ಬಾಧಕಗಳಾಗವು. ಜ್ವರಾದಿಗಳ ಚಿಕಿತ್ಸೆಗೆ ಆಯುರ್ವೇದವೆಂಬ ಬೇರೆ ಶಾಸ್ತ್ರವೇ ಇದೆ. ಅದರ ಸ್ಥಾನವನ್ನು ಧ್ಯಾನಕ್ಕೆ ಕೊಡತಕ್ಕದ್ದಲ್ಲ.